ಮೀಟರಲ್ಲಿ 4.95 ವೋಲ್ಟ್ ಬರುತ್ತೆ, ರಿಲೇ ಹಾಕಿದ್ರೆ 0.17ಕ್ಕೆ ಬೀಳುತ್ತೆ, ಯಾಕೆ?

ಪ್ರಶ್ನೆ: ಸರ್, ನಮ್ಮೂರು ಹಿರಿಯೂರು ತಾಲ್ಲೂಕಲ್ಲಿ ಬರುತ್ತೆ, ನಾನು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದ್ತಿದೀನಿ. ನಮ್ಮ ದಾಳಿಂಬೆ ತೋಟದಲ್ಲಿ ಒಂದು 12 ವೋಲ್ಟ್ 7 ಎಎಚ್ ಬ್ಯಾಟರಿ, ಅದನ್ನ ಚಾರ್ಜ್ ಮಾಡೋಕೆ ಒಂದು ಸೋಲಾರ್ ಪ್ಯಾನೆಲ್ ಇದೆ. ಇಎಸ್‌ಪಿ32 ಅನ್ನೋ ವೈಫೈ ಇರೋ ಸಣ್ಣ ಕಂಟ್ರೋಲರ್ ಬೋರ್ಡ್ ಇಟ್ಟು ರಿಲೇ (ಕಾಯಿಲಿಗೆ ಕರೆಂಟ್ ಕೊಟ್ರೆ ಆನ್ ಆಗೋ ಸ್ವಿಚ್) ಮೂಲಕ ಡ್ರಿಪ್ ವಾಲ್ವ್ ಆನ್ ಆಫ್ ಮಾಡ್ಬೇಕು ಅಂತ ಪ್ಲಾನ್. ರಿಲೇ 5 ವೋಲ್ಟಿಂದು. ಅದಕ್ಕೆ 12 ವೋಲ್ಟನ್ನ ಇಳಿಸೋಕೆ ಅಂತ 4.7 ಕೆ (ಕಿಲೋ ಓಮ್) ರೆಸಿಸ್ಟರ್ ಮೇಲೆ, 3.3 ಕೆ ಕೆಳಗೆ ಹಾಕಿ ವೋಲ್ಟೇಜ್ ಡಿವೈಡರ್ ಮಾಡಿದೆ. ಮೀಟರಲ್ಲಿ 4.95 ವೋಲ್ಟ್ ಬಂತು. ರಿಲೇ ಕಾಯಿಲ್ ಹಾಕಿದ ತಕ್ಷಣ 0.17 ವೋಲ್ಟ್! ತೆಗೆದ್ರೆ ಮತ್ತೆ 4.95. ರೆಸಿಸ್ಟರ್ ಬದಲಾಯಿಸಿದೆ, ರಿಲೇ ಬದಲಾಯಿಸಿದೆ, ಅದೇ ಕಥೆ. ಫಾರ್ಮುಲಾನೇ ತಪ್ಪಾ? ಇನ್ನೊಂದು, ಬ್ಯಾಟರಿಲಿ ಎಷ್ಟು ಚಾರ್ಜ್ ಇದೆ ಅಂತ ಇಎಸ್‌ಪಿ32ನಲ್ಲೇ ನೋಡ್ಬೇಕು, ಅದಕ್ಕೂ ಇದೇ ಎರಡು ರೆಸಿಸ್ಟರ್ ಸಾಕಾ?

ಉತ್ತರ: ಮೊದ್ಲು ಎರಡನೇ ಪ್ರಶ್ನೆಗೆ ಅರ್ಜೆಂಟಾಗಿ ಒಂದು ಮಾತು. ಆ 4.95 ವೋಲ್ಟನ್ನ ಇಎಸ್‌ಪಿ32 ಪಿನ್ನಿಗೆ ಕೊಡಬೇಡ್ರಿ. ಆ ಚಿಪ್ 3.3 ವೋಲ್ಟಿಂದು, ಪಿನ್ ಮೇಲೆ 3.6 ವೋಲ್ಟ್ ದಾಟಿದ್ರೆ ಚಿಪ್ ಹೋಗೋ ಚಾನ್ಸ್ ಇದೆ. ಅಲ್ಲಿ ಡಿವೈಡರ್ ಬೇಕು, ಆದ್ರೆ ಬೇರೆ ವ್ಯಾಲ್ಯೂ ಬೇಕು, ಕೆಳಗೆ ಲೆಕ್ಕ ಹಾಕಿ ಕೊಡ್ತೀನಿ.

ಈಗ ರಿಲೇ ವಿಷ್ಯ. ನಿಮ್ಮ ಫಾರ್ಮುಲಾ ಸರಿ ಇದೆ, ಮೀಟರ್ ಸರಿ ಇದೆ, ರಿಲೇನೂ ಚೆನ್ನಾಗೇ ಇದೆ. ನೀವು ಎರಡೂ ರೀಡಿಂಗ್ ಬರೆದು ಕಳ್ಸಿದ್ದು ಬಹಳ ಒಳ್ಳೇದಾಯ್ತು, ಯಾಕಂದ್ರೆ ಆ 0.17 ಅನ್ನೋ ನಂಬರ್ರೇ ಲೆಕ್ಕಕ್ಕೆ ಕರೆಕ್ಟಾಗಿ ಕೂರುತ್ತೆ, ಅಂದ್ರೆ ನಿಮ್ಮ ಸರ್ಕ್ಯೂಟ್ ಹೆಂಗೆ ಇರಬೇಕೋ ಹಂಗೇ ಕೆಲಸ ಮಾಡ್ತಾ ಇದೆ. ದಾವಣಗೆರೆಲಿ ನನ್ನ ಹತ್ರ ಪ್ರಾಜೆಕ್ಟ್ ಹಿಡ್ಕೊಂಡು ಬರೋ ಹುಡುಗ್ರಲ್ಲಿ ಎಷ್ಟೋ ಜನಕ್ಕೆ ಇದೇ ಜಾಗದಲ್ಲಿ ಗೊಂದಲ ಇರುತ್ತೆ. ಪರೀಕ್ಷೆಗೆ ಫಾರ್ಮುಲಾ ಬಾಯಿಪಾಠ ಆಗಿರುತ್ತೆ, ಆದ್ರೆ ಆ ಫಾರ್ಮುಲಾ ಯಾವಾಗ ನಡೆಯುತ್ತೆ ಯಾವಾಗ ನಡೆಯಲ್ಲ ಅನ್ನೋದನ್ನ ಯಾರೂ ಕೂರಿಸಿ ಹೇಳಿರಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಎರಡು ರೆಸಿಸ್ಟರ್ ಸೀರೀಸಲ್ಲಿ ಇದ್ರೆ ಎರಡರಲ್ಲೂ ಹರಿಯೋ ಕರೆಂಟ್ ಒಂದೇ, ಮಧ್ಯದಲ್ಲಿ ಬೇರೆ ದಾರಿ ಇಲ್ಲ ಅಂದ್ರೆ ಅದು ಎಲ್ಲಿಗೂ ಹೋಗೋಕಾಗಲ್ಲ. ನಿಮ್ಮದು 4.7 ಕೆ ಪ್ಲಸ್ 3.3 ಕೆ, ಒಟ್ಟು 8 ಕೆ. 12 ವೋಲ್ಟನ್ನ 8 ಕೆ ಇಂದ ಭಾಗಿಸಿದ್ರೆ 1.5 ಮಿಲಿ ಆಂಪ್. ಈ 1.5 ಮಿಲಿ ಆಂಪ್ 4.7 ಕೆ ಒಳಗೆ ಹರಿದ್ರೆ ಅದರ ಎರಡು ತುದಿ ಮಧ್ಯೆ 7.05 ವೋಲ್ಟ್, 3.3 ಕೆ ಒಳಗೆ ಹರಿದ್ರೆ 4.95 ವೋಲ್ಟ್. ಕೂಡಿಸಿ ನೋಡ್ರಿ, 12. ಇಷ್ಟೇ ವೋಲ್ಟೇಜ್ ಡಿವೈಡರ್ ಅಂದ್ರೆ, ಓಮ್ಸ್ ಲಾನ ಎರಡು ಸಲ ಹಾಕಿದ್ದು, ಬೇರೆ ಹೊಸ ನಿಯಮ ಏನೂ ಇಲ್ಲ. ಕೆಳಗಿನ ರೆಸಿಸ್ಟರನ್ನ ಎರಡರ ಮೊತ್ತದಿಂದ ಭಾಗಿಸಿ ಬ್ಯಾಟರಿ ವೋಲ್ಟೇಜಿಂದ ಗುಣಿಸ್ರಿ ಅಂತ ಪುಸ್ತಕದಲ್ಲಿ ಇರೋ ಫಾರ್ಮುಲಾ ಇದೇ ಎರಡು ಹೆಜ್ಜೆನ ಒಂದೇ ಸಾಲಲ್ಲಿ ಬರೆದಿರೋದು. ನನ್ನ ಕೇಳಿದ್ರೆ ಶುರುವಲ್ಲಿ ಆ ಒಂದು ಸಾಲಿನ ಫಾರ್ಮುಲಾ ಹಾಕಲೇಬಾರದು, ಪ್ರತಿ ಸಲ ಮೊದ್ಲು ಕರೆಂಟ್ ಕಂಡುಹಿಡೀಬೇಕು, ಆಮೇಲೆ ವೋಲ್ಟೇಜ್. ಯಾಕಂದ್ರೆ ಕರೆಂಟನ್ನ ಕಣ್ಣಿಂದ ಬಿಟ್ಟಿದ್ದಕ್ಕೇ ನಿಮ್ಮ ರಿಲೇ ಸಮಸ್ಯೆ ನಿಮಗೆ ಕಾಣಿಸಲಿಲ್ಲ.

ಆ ಲೆಕ್ಕದಲ್ಲಿ ಒಂದು ಷರತ್ತು ಇತ್ತು ನೋಡ್ರಿ, ಮಧ್ಯದಲ್ಲಿ ಬೇರೆ ದಾರಿ ಇಲ್ಲ ಅಂದ್ರೆ ಅಂತ. ರಿಲೇ ಹಾಕಿದ ತಕ್ಷಣ ದಾರಿ ಬಂತು. 5 ವೋಲ್ಟಿನ ಆ ಸಣ್ಣ ನೀಲಿ ಕ್ಯೂಬ್ ರಿಲೇಗಳ ಕಾಯಿಲ್ ಸಾಮಾನ್ಯವಾಗಿ 70 ಓಮ್ ಹತ್ರ ಇರುತ್ತೆ, ನಿಮ್ಮದನ್ನೂ ಮೀಟರಿಂದ ಅಳೆದು ನೋಡ್ರಿ. ಈಗ ಕೆಳಗಡೆ 3.3 ಕೆ ಒಂದೇ ಇಲ್ಲ, ಅದರ ಪಕ್ಕ ಪ್ಯಾರಲಲಲ್ಲಿ 70 ಓಮ್ ಕೂತಿದೆ. 3300 ಮತ್ತೆ 70 ಪ್ಯಾರಲಲ್ ಆದ್ರೆ 68.5 ಓಮ್ ಹತ್ರ ಬರುತ್ತೆ. ಹಂಗಾದ್ರೆ ಈಗ ನಿಮ್ಮ ಡಿವೈಡರ್ ಮೇಲೆ 4700, ಕೆಳಗೆ 68.5. ಲೆಕ್ಕ ಹಾಕ್ರಿ, 12 ಗುಣಿಸು 68.5 ಭಾಗಿಸು 4768.5, ಎಷ್ಟು ಬಂತು? 0.17. ನಿಮ್ಮ ಮೀಟರ್ ತೋರಿಸಿದ್ದೂ ಅದೇ. ಒಂದು ಪ್ರಯೋಗ ಮಾಡಿ ನೋಡ್ರಿ, ರಿಲೇ ಹಾಕಿದ್ದಾಗ ಆ 3.3 ಕೆ ರೆಸಿಸ್ಟರನ್ನ ಪೂರ್ತಿ ಕಿತ್ತುಬಿಡ್ರಿ, ಆಗ್ಲೂ 0.17 ಬದ್ಲು 0.18 ಹತ್ರ ಬರಬಹುದು ಅಷ್ಟೇ, ಅಂದ್ರೆ ರಿಲೇ ಬಂದ ಮೇಲೆ ಆ ಕೆಳಗಿನ ರೆಸಿಸ್ಟರಿಗೆ ಅಲ್ಲಿ ಏನೂ ಕೆಲಸ ಉಳಿದಿಲ್ಲ.

ಇದನ್ನೇ ಇನ್ನೂ ಬೇಗ ನೋಡೋ ಒಂದು ರೀತಿ ಇದೆ, ಇದು ನನಗೆ ಬಹಳ ಇಷ್ಟ, ಪೇಪರ್ ಪೆನ್ನೂ ಬೇಡ. ಔಟ್‌ಪುಟ್ಟನ್ನ ಗ್ರೌಂಡಿಗೆ ಸೀದಾ ಶಾರ್ಟ್ ಮಾಡಿದ್ರೂ ಎಷ್ಟು ಕರೆಂಟ್ ಬರಬಹುದು ಅಂತ ಕೇಳ್ಕೊಳ್ರಿ. ಆಗ ಬ್ಯಾಟರಿ ಮುಂದೆ ಇರೋದು 4.7 ಕೆ ಒಂದೇ, 12 ಭಾಗಿಸು 4.7 ಕೆ ಅಂದ್ರೆ ಸುಮಾರು 2.55 ಮಿಲಿ ಆಂಪ್. ಏನೇ ಮಾಡ್ರಿ, ಕೆಳಗೆ ಏನೇ ಹಾಕ್ರಿ, ಮೇಲಿನ ರೆಸಿಸ್ಟರ್ ಅದಕ್ಕಿಂತ ಜಾಸ್ತಿ ಬಿಡಲ್ಲ. ನಿಮ್ಮ ರಿಲೇಗೆ ಬೇಕಿರೋದು 5 ಭಾಗಿಸು 70, ಅಂದ್ರೆ 71 ಮಿಲಿ ಆಂಪ್. ಎಲ್ಲಿ 2.5, ಎಲ್ಲಿ 71! ಇಂಥ ಸರ್ಕ್ಯೂಟ್ ನೋಡಿದ್ರೆ ನಾನು ಮೊದ್ಲು ಮಾಡೋದು ಈ ಶಾರ್ಟ್ ಲೆಕ್ಕನೇ, ಬೇಕಾದ ಕರೆಂಟ್ ಇದಕ್ಕಿಂತ ಜಾಸ್ತಿ ಇದ್ರೆ ಮುಂದೆ ಫಾರ್ಮುಲಾ ಹಾಕೋದೇ ಬೇಡ.

ಇದು ರೆಸಿಸ್ಟರ್ ಮಟ್ಟದಲ್ಲಿ ಮಾತ್ರ ನಡೆಯೋ ವಿಷ್ಯ ಅನ್ಕೋಬೇಡ್ರಿ, ನಿಮ್ಮ ತೋಟದ ಬೋರ್‌ವೆಲ್ಲಲ್ಲೇ ಇದು ದಿನಾ ನಡೀತಿರುತ್ತೆ. ಟಿಸಿ (ಟ್ರಾನ್ಸ್‌ಫಾರ್ಮರ್) ಇಂದ ದೂರ ಇರೋ ಪಂಪ್‌ಸೆಟ್ಟುಗಳಿಗೆ ವೋಲ್ಟೇಜ್ ಸಾಕಾಗಲ್ಲ ಅಂತಾರಲ್ಲ, ಅದು ಪಕ್ಕಾ ವೋಲ್ಟೇಜ್ ಡಿವೈಡರ್. ಟಿಸಿ ಇಂದ ನಿಮ್ಮ ಸ್ಟಾರ್ಟರ್ ತನಕ ಬರೋ ವೈರಿನ ರೆಸಿಸ್ಟೆನ್ಸು ಮೇಲಿನ ರೆಸಿಸ್ಟರ್, ನಿಮ್ಮ ಮೋಟ್ರು ಕೆಳಗಿನದು. ಲೆಕ್ಕಕ್ಕೆ ಒಂದು ಲೈನಲ್ಲಿ 2 ಓಮ್ ಇದೆ, 10 ಆಂಪ್ ಎಳೀತಿದೆ ಅಂತ ಇಟ್ಕೊಳ್ರಿ, 20 ವೋಲ್ಟ್ ದಾರಿಲೇ ಹೋಯ್ತು. ತ್ರೀ ಫೇಸ್ ಬಂದ ಕೂಡ್ಲೇ ಒಂದೇ ಲೈನಿನ ಎಲ್ಲಾರ ಆಟೋ ಸ್ಟಾರ್ಟರ್ರೂ ಒಟ್ಟಿಗೆ ಎದ್ದುಬಿಟ್ರೆ, ಕೆಳಗಡೆ ಮೋಟ್ರುಗಳು ಪ್ಯಾರಲಲಾಗಿ ಸೇರ್ತಾ ಹೋಗ್ತವೆ, ಕೆಳಗಿನ ಓಮ್ಸ್ ಕಮ್ಮಿ ಆಗುತ್ತೆ, ಕರೆಂಟ್ ಏರುತ್ತೆ, ದಾರಿಲಿ ಕಳೆಯೋ ವೋಲ್ಟೇಜ್ ಜಾಸ್ತಿ ಆಗುತ್ತೆ, ಕೊನೇ ತೋಟದವನಿಗೆ ಮೀಟರ್ ಮುಳ್ಳು ಕೆಳಗೆ. ಮೋಟ್ರುಗಳು ಬಂದ್ ಇದ್ದಾಗ ಅಲ್ಲೇ ಅಳೆದ್ರೆ ವೋಲ್ಟೇಜ್ ಪೂರ್ತಿ ಇರುತ್ತೆ. ಎಸಿ ಆಗಿರೋದ್ರಿಂದ ಬರೀ ರೆಸಿಸ್ಟೆನ್ಸ್ ಅನ್ನದೆ ಇಂಪಿಡೆನ್ಸ್ ಅನ್ನಬೇಕು, ಮೋಟ್ರು ಸ್ಟಾರ್ಟ್ ಆಗುವಾಗ ಎಳೆಯೋ ಕರೆಂಟೂ ಬೇರೆ, ಆದ್ರೆ ಮೂಲ ವಿಷ್ಯ ನಿಮ್ಮ ಬ್ರೆಡ್‌ಬೋರ್ಡಿನದೇ.

ನಿಮ್ಮ ಸಿಲಬಸ್ಸಲ್ಲಿ ಥೆವೆನಿನ್ ಥಿಯರಮ್ ಅಂತ ಬರುತ್ತಲ್ಲ, ತುಂಬಾ ಜನ ಅದನ್ನ ಮಾರ್ಕ್ಸಿಗೆ ಅಂತ ಓದಿ ಬಿಡ್ತಾರೆ, ಅದು ಹುಟ್ಟಿದ್ದೇ ಇಂಥ ಪ್ರಶ್ನೆಗೆ. ಲಿಯೋನ್ ಥೆವೆನಿನ್ ಫ್ರಾನ್ಸಿನ ಟೆಲಿಗ್ರಾಫ್ ಇಲಾಖೆಲಿ ಇಂಜಿನಿಯರ್ ಆಗಿದ್ದವನು, 1883ರಲ್ಲಿ ಇದನ್ನ ಪ್ರಕಟಿಸಿದ. ಅವನು ಹೇಳೋದು, ಒಳಗೆ ಎಷ್ಟೇ ಬ್ಯಾಟರಿ ರೆಸಿಸ್ಟರ್ ಇರಲಿ, ಹೊರಗಿನಿಂದ ಎರಡು ತುದಿ ಹಿಡಿದು ನೋಡೋವ್ನಿಗೆ ಅದು ಒಂದು ಬ್ಯಾಟರಿ, ಅದರ ಮುಂದೆ ಒಂದು ರೆಸಿಸ್ಟರ್, ಅಷ್ಟೇ. ನಿಮ್ಮ ಡಿವೈಡರ್‌ಗೆ ಆ ಬ್ಯಾಟರಿ 4.95 ವೋಲ್ಟ್, ಆ ರೆಸಿಸ್ಟರು 4.7 ಕೆ ಮತ್ತೆ 3.3 ಕೆ ಪ್ಯಾರಲಲ್, ಅಂದ್ರೆ 1.94 ಕೆ. ಇನ್ಮೇಲೆ ಏನೇ ಹಾಕಿದ್ರೂ ಲೆಕ್ಕ ಸುಲಭ. 70 ಓಮ್ ರಿಲೇ, 1.94 ಕೆ ಮುಂದೆ ಏನೂ ಅಲ್ಲ, ವೋಲ್ಟೇಜ್ ಕುಸೀತು. ಅದೇ ಒಳ್ಳೇ ಡಿಜಿಟಲ್ ಮೀಟರ್ 10 ಮೆಗಾ ಓಮ್ ಇರುತ್ತೆ, ಅದರ ಮುಂದೆ 1.94 ಕೆ ಏನೂ ಅಲ್ಲ, ಅದಕ್ಕೇ ಮೀಟರಿಗೆ ಪೂರ್ತಿ 4.95 ಕಾಣಿಸ್ತು. ಹಾಕೋ ಲೋಡ್ ಈ ಒಳಗಿನ ರೆಸಿಸ್ಟರಿಗಿಂತ 100 ಪಟ್ಟು ದೊಡ್ಡದಿದ್ರೆ ವೋಲ್ಟೇಜ್ ಹತ್ರ ಹತ್ರ 1 ಪರ್ಸೆಂಟ್ ಬೀಳುತ್ತೆ, 10 ಪಟ್ಟು ಇದ್ರೆ 9 ಪರ್ಸೆಂಟ್, ಸಮ ಇದ್ರೆ ಅರ್ಧಕ್ಕೆ ಅರ್ಧ. ಈ ಮೂರು ತಲೇಲಿ ಇದ್ರೆ ಸಾಕು.

ಹಂಗಾದ್ರೆ ರೆಸಿಸ್ಟರ್ ವ್ಯಾಲ್ಯೂನೇ ಸಣ್ಣದು ಮಾಡಿಬಿಟ್ರೆ? ಈ ಪ್ರಶ್ನೆ ನಿಮಗೆ ಬಂದೇ ಬಂದಿರುತ್ತೆ. ಮಾಡಬಹುದು, ಲೆಕ್ಕ ನೋಡ್ರಿ. ರಿಲೇ 70 ಮಿಲಿ ಆಂಪ್ ಎಳೆಯುತ್ತೆ, ಕೆಳಗಿನ ರೆಸಿಸ್ಟರಲ್ಲಿ ಅದರ ಹತ್ತು ಪಟ್ಟು, 700 ಮಿಲಿ ಆಂಪ್ ಸುಮ್ನೆ ಹರೀತಾ ಇರಲಿ ಅಂತ ಇಟ್ಕೊಂಡ್ರೆ ಕೆಳಗೆ 7.1 ಓಮ್, ಮೇಲೆ 9.1 ಓಮ್ ಹತ್ರ ಬರುತ್ತೆ. ರಿಲೇ ಹಾಕಿದ್ರೆ 5 ವೋಲ್ಟ್, ತೆಗೆದ್ರೆ 5.3ರ ಆಸುಪಾಸು, ಪರವಾಗಿಲ್ಲ. ಆದ್ರೆ ಮೇಲಿನ ರೆಸಿಸ್ಟರಲ್ಲಿ ಐದೂವರೆ ವ್ಯಾಟ್ ಹತ್ರ, ಕೆಳಗಿನದರಲ್ಲಿ ಮೂರೂವರೆ ವ್ಯಾಟ್ ಬಿಸಿಯಾಗಿ ಹೋಗುತ್ತೆ, ನಿಮ್ಮ ಕೈಲಿರೋ ಕಾಲು ವ್ಯಾಟ್ ರೆಸಿಸ್ಟರ್ ಹಾಕಿದ್ರೆ ಕ್ಷಣದಲ್ಲಿ ಹೊಗೆ. ಬ್ಯಾಟರಿಯಿಂದ ಹೋಗೋದು 9 ವ್ಯಾಟ್‌ಗಿಂತ ಮೇಲೆ, ರಿಲೇಗೆ ಸಿಗೋದು ಒಂದು ವ್ಯಾಟಿನ ಮೂರನೇ ಒಂದು ಭಾಗದಷ್ಟು. ರಿಲೇ ಆನ್ ಇರಲಿ ಬಿಡಲಿ ಕರೆಂಟ್ ಹರೀತಾನೇ ಇರುತ್ತೆ, 7 ಎಎಚ್ ಬ್ಯಾಟರಿ ಒಂದು ರಾತ್ರಿ ಕಳೆಯೋದೂ ಕಷ್ಟ. ಸೋಲಾರಲ್ಲಿ ಕಷ್ಟಪಟ್ಟು ತುಂಬಿಸಿದ್ದನ್ನ ಎರಡು ರೆಸಿಸ್ಟರ್ ಬಿಸಿ ಮಾಡೋಕೆ ಖರ್ಚು ಮಾಡೋದು ಬೇಡವೇ ಬೇಡ.

ಇಲ್ಲೊಂದು ಚೆಂದದ ವಿಷ್ಯ ಇದೆ, ಅದನ್ನ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಕೆಳಗಿನ ರೆಸಿಸ್ಟರ್ ತೆಗೆದುಬಿಡ್ರಿ, ಮೇಲೆ 4.7 ಕೆ ಬದ್ಲು 100 ಓಮ್ ಹಾಕ್ರಿ, ಕೆಳಗೆ ಸೀದಾ ರಿಲೇ ಕಾಯಿಲ್. 12 ಗುಣಿಸು 70 ಭಾಗಿಸು 170, ಎಷ್ಟು? 4.94. ರಿಲೇ ಟಪ್ ಅಂತ ಎಳ್ಕೊಳ್ಳುತ್ತೆ! ಈಗ ಲೋಡೇ ಕೆಳಗಿನ ರೆಸಿಸ್ಟರ್ ಆಯ್ತು. 100 ಓಮ್ ಮೇಲೆ ಅರ್ಧ ವ್ಯಾಟ್ ಬೀಳುತ್ತೆ, ಬ್ಯಾಟರಿ ಚಾರ್ಜ್ ಆಗ್ತಾ 14.4ಕ್ಕೆ ಏರಿದ್ರೆ ಮುಕ್ಕಾಲು ವ್ಯಾಟ್ ಹತ್ರ ಹೋಗುತ್ತೆ, ಹಂಗಾಗಿ 1 ವ್ಯಾಟಿಂದು ಹಾಕ್ಬೇಕು. ಲೋಡ್ ಬದಲಾಗದೆ ಒಂದೇ ಸಮ ಇದ್ದಾಗ ಈ ವಿದ್ಯೆ ನಡೆಯುತ್ತೆ. ಆದ್ರೆ ಇದನ್ನ ನೋಡಿ ಇಎಸ್‌ಪಿ32 ಬೋರ್ಡಿಗೂ ಹಿಂಗೇ ಒಂದು ರೆಸಿಸ್ಟರ್ ಹಾಕಿಬಿಡೋಣ ಅಂತ ಹೋಗಬೇಡ್ರಿ. ಆ ಬೋರ್ಡು ವೈಫೈ ಕಳಿಸೋವಾಗ 200 ಮಿಲಿ ಆಂಪ್ ದಾಟಿ ಎಳೆಯುತ್ತೆ, ನಿದ್ದೆಲಿದ್ದಾಗ ಅದರ ಒಂದು ಸಣ್ಣ ಪಾಲು ಮಾತ್ರ ಎಳೆಯುತ್ತೆ, ಅಂದ್ರೆ ಕೆಳಗಿನ ರೆಸಿಸ್ಟರ್ ವ್ಯಾಲ್ಯೂ ಕ್ಷಣಕ್ಕೊಂದು ಆದಂಗೆ. ಕಮ್ಮಿ ಎಳೆದಾಗ ಮೇಲಿನ ರೆಸಿಸ್ಟರಲ್ಲಿ ಏನೂ ಬೀಳದೆ ವೋಲ್ಟೇಜ್ 12ರ ಕಡೆ ಏರಿ ಬೋರ್ಡ್ ಸುಟ್ಟುಹೋಗುತ್ತೆ.

ಲೋಡ್ ಎಷ್ಟೇ ಎಳೀಲಿ ಔಟ್‌ಪುಟ್ 5ರಲ್ಲೇ ನಿಲ್ಲಬೇಕು ಅಂದ್ರೆ ಔಟ್‌ಪುಟ್ಟನ್ನ ನೋಡ್ತಾ ತಿದ್ದೋದು ಏನಾದ್ರೂ ಬೇಕು, ಅದೇ ರೆಗ್ಯುಲೇಟರ್. 7805 ಹಾಕಬಹುದು, ಆದ್ರೆ 12ರಿಂದ 5ಕ್ಕೆ ಇಳಿಸೋವಾಗ 7 ವೋಲ್ಟನ್ನ ಅದೂ ಬಿಸಿ ಮಾಡೇ ಕಳೆಯುತ್ತೆ, 200 ಮಿಲಿ ಆಂಪಿಗೆ 1.4 ವ್ಯಾಟ್, ಹೀಟ್‌ಸಿಂಕ್ ಬೇಕು. ಸೋಲಾರ್ ಬ್ಯಾಟರಿಗೆ ನನ್ನ ಆಯ್ಕೆ ಎಲ್‌ಎಂ2596 ಬಕ್ ಮಾಡ್ಯೂಲ್, ಅದು ಅಷ್ಟು ಬಿಸಿ ಮಾಡದೆ ವೋಲ್ಟೇಜ್ ಇಳಿಸುತ್ತೆ, ಎಲೆಕ್ಟ್ರಾನಿಕ್ಸ್ ಅಂಗಡಿಲಿ ಬಕ್ ಕನ್ವರ್ಟರ್ ಅಂದ್ರೆ ಕೊಡ್ತಾರೆ. ಅದರ ಮೇಲೆ ಒಂದು ಸಣ್ಣ ಸ್ಕ್ರೂ ಪ್ರಿಸೆಟ್ ಇರುತ್ತೆ, ಬೋರ್ಡ್ ಜೋಡಿಸೋಕೆ ಮುಂಚೆ ಮೀಟರ್ ಇಟ್ಟು ಅದನ್ನ 5.0ಗೆ ತಿರುಗಿಸಿಕೊಳ್ರಿ, ಅಂಗಡಿಯಿಂದ ಬರೋವಾಗ ಅದು ಎಷ್ಟರಲ್ಲಿ ಬೇಕಾದ್ರೂ ಇರಬಹುದು. ರಿಲೇಗಂತೂ ಇನ್ನೂ ಸುಲಭ, 12 ವೋಲ್ಟ್ ಕಾಯಿಲಿನ ರಿಲೇನೇ ತಗೊಂಡುಬಿಡ್ರಿ. ಅದೇ ಸೈಜಿನ 12 ವೋಲ್ಟ್ ರಿಲೇ ಕಾಯಿಲ್ 400 ಓಮ್ ಆಸುಪಾಸು, 30 ಮಿಲಿ ಆಂಪಲ್ಲಿ ಕೆಲಸ ಮುಗೀತು. ಇಎಸ್‌ಪಿ32 ಪಿನ್ನಿಂದ 1 ಕೆ ಮೂಲಕ ಒಂದು ಬಿಸಿ547 ಟ್ರಾನ್ಸಿಸ್ಟರ್ ಬೇಸಿಗೆ, ಕಲೆಕ್ಟರಲ್ಲಿ ಕಾಯಿಲ್, ಎಮಿಟರ್ ಗ್ರೌಂಡಿಗೆ, ಕಾಯಿಲ್ ಮೇಲೆ 1ಎನ್4007 ಡಯೋಡ್, ಬಿಳಿ ಪಟ್ಟಿ ಇರೋ ಕಡೆ ಪ್ಲಸ್ಸಿಗೆ. ಆ ಡಯೋಡ್ ಬಿಟ್ರೆ ರಿಲೇ ಆಫ್ ಆಗೋ ಪ್ರತಿ ಸಲ ಟ್ರಾನ್ಸಿಸ್ಟರಿಗೆ ಏಟು. ಹಂಗೇ ವಾಲ್ವ್ ಮೇಲೆ ಬರೆದಿರೋದನ್ನೂ ಒಂದ್ಸಲ ಓದ್ರಿ, ಡ್ರಿಪ್ ಸೊಲೆನಾಯ್ಡ್ ವಾಲ್ವುಗಳಲ್ಲಿ 24 ವೋಲ್ಟ್ ಎಸಿದೂ ಬಹಳ ಇರ್ತವೆ, ಅದನ್ನ 12 ವೋಲ್ಟ್ ಡಿಸಿಗೆ ಹಾಕಿ ಕೂರೋದು ಬೇಡ.

ಈಗ ಬ್ಯಾಟರಿ ನೋಡೋ ವಿಷ್ಯ. ಇದು ಡಿವೈಡರಿನ ನಿಜವಾದ ಕೆಲಸ. ಇಲ್ಲಿ ಯಾರಿಗೂ ಪವರ್ ಕೊಡಬೇಕಿಲ್ಲ, ದೊಡ್ಡ ವೋಲ್ಟೇಜಿನ ಒಂದು ಸಣ್ಣ ಪ್ರಮಾಣದ ನಕಲು ಪಿನ್ನಿಗೆ ತೋರಿಸಿದ್ರೆ ಸಾಕು, ಪಿನ್ ಎಳೆಯೋ ಕರೆಂಟ್ ಲೆಕ್ಕಕ್ಕಿಲ್ಲ. ವ್ಯಾಲ್ಯೂ ಮಾತ್ರ ಯೋಚನೆ ಮಾಡಿ ಆರಿಸ್ಬೇಕು. ಇಎಸ್‌ಪಿ32ರ ಎಡಿಸಿ, ಅಂದ್ರೆ ಪಿನ್ನಿನ ವೋಲ್ಟೇಜನ್ನ ನಂಬರ್ ಮಾಡೋ ಭಾಗ, ನಂಬೋಹಂಗೆ ಅಳೆಯೋದು ಸುಮಾರು 0.15ರಿಂದ 2.45 ವೋಲ್ಟ್ ತನಕ, ಅದರ ಮೇಲೆ ರೀಡಿಂಗ್ ಬಾಗೋಕೆ ಶುರು ಆಗುತ್ತೆ. ನಿಮ್ಮ ಬ್ಯಾಟರಿ ಚಾರ್ಜ್ ಆಗ್ತಾ 14.4 ತನಕ ಹೋಗುತ್ತೆ. ಮೇಲೆ 56 ಕೆ, ಕೆಳಗೆ 10 ಕೆ ಹಾಕ್ರಿ. ಒಟ್ಟು 66 ಕೆ, ಅಂದ್ರೆ ಪಿನ್ನಲ್ಲಿ ಬಂದಿದ್ದನ್ನ 6.6ರಿಂದ ಗುಣಿಸಿದ್ರೆ ಬ್ಯಾಟರಿ ವೋಲ್ಟೇಜ್. 14.4ಕ್ಕೆ ಪಿನ್ನಲ್ಲಿ 2.18, ಆರಾಮಾಗಿ ಒಳಗೇ ಇದೆ. ಬ್ಯಾಟರಿಯಿಂದ ಎಳೆಯೋದು 0.2 ಮಿಲಿ ಆಂಪಿಗಿಂತ ಕಮ್ಮಿ, ದಿನಕ್ಕೆ 5 ಮಿಲಿ ಆಂಪ್ ಅವರ್ ಕೂಡ ಆಗಲ್ಲ.

ಅಷ್ಟು ದೊಡ್ಡದು ಯಾಕೆ, 47 ಕೆ ಸಾಲಲ್ವಾ ಅಂತ ಕೇಳಬಹುದು. ಬ್ಯಾಟರಿ ಮಾತ್ರ ನೋಡಿದ್ರೆ ನಡೆಯುತ್ತೆ, ಆದ್ರೆ ನಿಮ್ಮ ತೋಟದಲ್ಲಿ ಪ್ಯಾನೆಲ್ ಇದೆಯಲ್ಲ! 36 ಸೆಲ್ಲಿನ 12 ವೋಲ್ಟ್ ಪ್ಯಾನೆಲ್ ಅನ್ನೋದು ಲೋಡ್ ಇಲ್ಲದೆ ಬಿಸಿಲಲ್ಲಿ 21, 22 ವೋಲ್ಟ್ ಕೊಡುತ್ತೆ. ಚಾರ್ಜ್ ಕಂಟ್ರೋಲರ್ ಕೈಕೊಟ್ಟು, ಅದೇ ಟೈಮಿಗೆ ಬ್ಯಾಟರಿ ಟರ್ಮಿನಲ್ಲು ಲೂಸಾಗಿ ಬಿಟ್ಕೊಂಡ್ರೆ ಆ 22 ವೋಲ್ಟು ಸೀದಾ ನಿಮ್ಮ ಡಿವೈಡರಿಗೆ ಬರಬಹುದು. 47 ಕೆ ಇದ್ರೆ ಪಿನ್ನಲ್ಲಿ 3.86 ಆಗುತ್ತೆ, ಮಿತಿ ದಾಟ್ತು. 56 ಕೆ ಇದ್ರೆ 3.33, ಚಿಪ್ ಉಳೀತು. ಡಿವೈಡರ್ ಲೆಕ್ಕನ ಯಾವಾಗ್ಲೂ ಮಾಮೂಲಿ ದಿನಕ್ಕೆ ಹಾಕಬಾರದು, ಅತೀ ಕೆಟ್ಟ ದಿನಕ್ಕೆ ಹಾಕ್ಬೇಕು.

ಇನ್ನೊಂದು ಕಡೆ ಇದರಲ್ಲಿ ಸೂಕ್ಷ್ಮ ಇದೆ, ಬಹಳ ಜನ ಎಡವೋದು ಇಲ್ಲೇ. ಲೆಡ್ ಆಸಿಡ್ ಬ್ಯಾಟರಿ ಫುಲ್ ಚಾರ್ಜ್ ಆಗಿ ಸುಮ್ನೆ ಇದ್ದಾಗ 12.7, ಅರ್ಧ ಖಾಲಿ ಆದಾಗ 12.2, ಪೂರ್ತಿ ಇಳಿದಾಗ 11.8 ಹತ್ರ. ಪಿನ್ನಲ್ಲಿ ಇದು 1.92ರಿಂದ 1.79. ಫುಲ್ಲಿಗೂ ಖಾಲಿಗೂ ಮಧ್ಯೆ ಪಿನ್ನಲ್ಲಿ ಕಾಣೋ ವ್ಯತ್ಯಾಸ 0.14 ವೋಲ್ಟ್ ಮಾತ್ರ! ಈಗ ರೆಸಿಸ್ಟರ್ ಮೇಲಿನ ಕೊನೇ ಪಟ್ಟಿ ನೋಡ್ರಿ, ಗೋಲ್ಡ್ ಇದ್ರೆ ವ್ಯಾಲ್ಯೂ 5 ಪರ್ಸೆಂಟ್ ಆಚೀಚೆ ಇರಬಹುದು ಅಂತ ಅರ್ಥ. ಮೇಲಿಂದು 5 ಪರ್ಸೆಂಟ್ ಕಮ್ಮಿ, ಕೆಳಗಿಂದು 5 ಪರ್ಸೆಂಟ್ ಜಾಸ್ತಿ ಇದ್ದುಬಿಟ್ರೆ ಲೆಕ್ಕ 8.8 ಪರ್ಸೆಂಟ್ ತಪ್ಪುತ್ತೆ, 12.6 ಇರೋ ಬ್ಯಾಟರಿ ಸ್ಕ್ರೀನಲ್ಲಿ 13.7 ಅಂತ ಬರುತ್ತೆ, ಖಾಲಿ ಬ್ಯಾಟರಿನ ಫುಲ್ ಅಂತ ನಂಬ್ಕೊಂಡು ಕೂರ್ತೀರಿ. 1 ಪರ್ಸೆಂಟಿನ ಮೆಟಲ್ ಫಿಲ್ಮ್ ತಗೊಳ್ರಿ, ಸಾಮಾನ್ಯವಾಗಿ ನೀಲಿ ಮೈ ಇರುತ್ತೆ. ಆಮೇಲೂ 6.6ನ ಕಣ್ಣುಮುಚ್ಚಿ ಹಾಕಬೇಡ್ರಿ. ಬ್ಯಾಟರಿ ಟರ್ಮಿನಲಲ್ಲಿ ಮೀಟರ್ ಇಟ್ಟು ಅಳೀರಿ, ಅದೇ ಹೊತ್ತಿಗೆ ಕೋಡಲ್ಲಿ ಪಿನ್ ರೀಡಿಂಗ್ ನೋಡ್ರಿ, ಉದಾಹರಣೆಗೆ 12.48 ಮತ್ತೆ 1.87 ಬಂದ್ರೆ ನಿಮ್ಮ ಗುಣಕ 6.67, ಅದನ್ನೇ ಕೋಡಲ್ಲಿ ಹಾಕ್ರಿ. ಆರ್ಡುಯಿನೋ ಐಡಿಇಲಿ ಬರೀತಿದ್ರೆ ಬರೀ ಅನಲಾಗ್‌ರೀಡ್ ಬದ್ಲು ಅನಲಾಗ್‌ರೀಡ್‌ಮಿಲಿವೋಲ್ಟ್ಸ್ ಬಳಸ್ರಿ, ಫ್ಯಾಕ್ಟರಿಲಿ ಚಿಪ್ಪೊಳಗೆ ಬರೆದಿಟ್ಟಿರೋ ಕ್ಯಾಲಿಬ್ರೇಷನ್ನನ್ನ ಅದು ತಗೊಳ್ಳುತ್ತೆ.

ವೈರಿಂಗಲ್ಲಿ ಮೂರು ವಿಷ್ಯ. 10 ಕೆ ಮೇಲೆ ಪ್ಯಾರಲಲಾಗಿ ಒಂದು 104 (0.1 ಮೈಕ್ರೋಫ್ಯಾರಡ್) ಸೆರಾಮಿಕ್ ಕೆಪಾಸಿಟರ್ ಹಾಕ್ರಿ, ಎಡಿಸಿ ರೀಡಿಂಗ್ ತಗೊಳ್ಳೋ ಕ್ಷಣಕ್ಕೆ ಒಳಗಿನ ಒಂದು ಪುಟ್ಟ ಕೆಪಾಸಿಟರ್ ತುಂಬಿಸ್ಕೊಳ್ಳುತ್ತೆ, 104 ಅಲ್ಲೇ ಪಕ್ಕ ಇದ್ರೆ ವೋಲ್ಟೇಜ್ ಅಲ್ಲಾಡಲ್ಲ, ರೀಡಿಂಗ್ ಕುಣಿಯೋದೂ ಕಮ್ಮಿ ಆಗುತ್ತೆ. ಪಿನ್ನು 34 ಅಥವಾ 35 ತಗೊಳ್ರಿ, ಅವು ಎಡಿಸಿ1ಗೆ ಸೇರಿದ್ದು, ಎಡಿಸಿ2ರ ಪಿನ್ನುಗಳು ವೈಫೈ ಆನ್ ಇದ್ದಾಗ ಅಳೆಯೋಕೆ ಸಿಗಲ್ಲ. ಆಮೇಲೆ ಬ್ಯಾಟರಿ ಮೈನಸ್ಸು ಮತ್ತೆ ಬೋರ್ಡಿನ ಗ್ರೌಂಡು ಒಂದಾಗಿರಲೇಬೇಕು. ಪವರ್ ಬ್ಯಾಂಕಲ್ಲಿ ಬೋರ್ಡ್ ಓಡಿಸ್ತಾ ಟೆಸ್ಟ್ ಮಾಡೋವಾಗ ಇದನ್ನ ಬಿಟ್ಟು, ರೀಡಿಂಗ್ ಏನೇನೋ ಬರುತ್ತೆ ಅಂತ ಕೂತಿರ್ತಾರೆ. ವೋಲ್ಟೇಜ್ ಅನ್ನೋದು ಯಾವಾಗ್ಲೂ ಎರಡು ಜಾಗದ ಮಧ್ಯದ ಅಂತರ, ಎರಡನೇ ಜಾಗ ಯಾವುದು ಅಂತ ಬೋರ್ಡಿಗೆ ಗೊತ್ತಿರಬೇಕಲ್ವಾ.

ಕರೆಂಟ್ ಉಳಿಸೋಣ ಅಂತ ಕೆಲವರು 5.6 ಮೆಗಾ, 1 ಮೆಗಾ ಹಿಂಗೆ ಹಾಕ್ತಾರೆ, ಪ್ರಮಾಣ ಅದೇ ತಾನೇ ಅಂತ. ಪ್ರಮಾಣ ಅದೇ, ಆದ್ರೆ ಒಳಗಿನ ಥೆವೆನಿನ್ ರೆಸಿಸ್ಟರ್ ನೂರು ಪಟ್ಟು ಆಯ್ತು, ಆಗ ಅಳೆಯೋ ಸಾಧನವೇ ಲೋಡ್ ಆಗಿಬಿಡುತ್ತೆ. ನಿಮ್ಮದೇ ವ್ಯಾಲ್ಯೂ ತಗೊಂಡು ನೋಡಣ, 4.7 ಮೆಗಾ ಮೇಲೆ, 3.3 ಮೆಗಾ ಕೆಳಗೆ. ಲೆಕ್ಕದಲ್ಲಿ 4.95. ಒಳ್ಳೇ 10 ಮೆಗಾ ಓಮ್ ಮೀಟರ್ ಇಟ್ರೆ 4.15 ತೋರಿಸುತ್ತೆ. ಎಲ್ಲರ ಹತ್ರ ಇರೋ ಆ ಸಸ್ತಾ ಹಳದಿ ಡಿಟಿ830 ಮೀಟರ್ 1 ಮೆಗಾ ಓಮ್‌ದು, ಅದರಲ್ಲಿ 1.68 ಬರುತ್ತೆ. ಮೂರು ಉತ್ತರ, ಮೂರೂ ಸರಿ, ಯಾಕಂದ್ರೆ ಮೀಟರ್ ಇಟ್ಟ ಮೇಲೆ ಅದು ಬೇರೆ ಸರ್ಕ್ಯೂಟ್. ಲ್ಯಾಬಲ್ಲಿ ಟೈಮ್ ಸಿಕ್ಕಿದ್ರೆ ಇದನ್ನ ಮಾಡಿ ನೋಡ್ಲೇಬೇಕು, ಲೋಡಿಂಗ್ ಅಂದ್ರೆ ಏನು ಅಂತ ಕೈಗೇ ಗೊತ್ತಾಗುತ್ತೆ. ಪಿನ್ನಿಗೆ ಕೊಡೋ ಡಿವೈಡರಿನ ಥೆವೆನಿನ್ ರೆಸಿಸ್ಟೆನ್ಸ್ 10 ಕೆ ಒಳಗೆ ಇಟ್ಕೊಂಡ್ರೆ ಒಳ್ಳೇದು, ಆರ್ಡುಯಿನೋ ಊನೋದಲ್ಲಿರೋ ಎಟಿಮೆಗಾ328 ಚಿಪ್ಪಿನ ಡೇಟಾಶೀಟಲ್ಲೂ ಎಡಿಸಿಗೆ ಇದೇ 10 ಕೆ ಅಂತ ಇದೆ. ನಮ್ಮ 56 ಕೆ, 10 ಕೆ ಜೋಡಿದು 8.5 ಕೆ, ಸರಿಯಾಗಿದೆ.

ಒಂದ್ಸಲ ಇದು ಕೈಗೆ ಬಂದ್ರೆ ಎಲ್ಲಾ ಕಡೆ ಇದೇ ಕಾಣುತ್ತೆ. ವಾಲ್ಯೂಮ್ ತಿರುಗಿಸೋ ಪಾಟ್ ಒಳಗೆ ಇರೋದು ಡಿವೈಡರೇ, ಮಧ್ಯದ ಕಾಲು ಜರುಗುತ್ತೆ. ಎಲ್‌ಡಿಆರ್, ಥರ್ಮಿಸ್ಟರ್ ಅಂದ್ರೆ ಬೆಳಕಿಗೆ, ಬಿಸಿಗೆ ಓಮ್ಸ್ ಬದಲಾಗೋ ರೆಸಿಸ್ಟರುಗಳು, ಎರಡೂ ಡಿವೈಡರಿನ ಒಂದು ರೆಸಿಸ್ಟರ್ ಆಗಿ ಕೂರ್ತವೆ, ಬಿಸಿಲು ಅಥವಾ ಬಿಸಿ ಹೆಚ್ಚುಕಮ್ಮಿ ಆದಂಗೆ ಮಧ್ಯದ ವೋಲ್ಟೇಜ್ ಬದಲಾಗುತ್ತೆ. 10 ಕೆ ಎನ್‌ಟಿಸಿ ಥರ್ಮಿಸ್ಟರ್ 25 ಡಿಗ್ರಿಲಿ 10 ಕೆ ಇರುತ್ತೆ, ಜೊತೆಗೆ 10 ಕೆ ಹಾಕಿದ್ರೆ ಆ ಟೆಂಪರೇಚರಲ್ಲಿ ಸರಿಯಾಗಿ ಅರ್ಧ. ಮುಂದೆ ಟ್ಯಾಂಕ್ ನೀರು ನೋಡೋಕೆ 5 ವೋಲ್ಟಿನ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದ್ರೆ ಅದರ ಎಕೋ ಪಿನ್ನನ್ನ ಸೀದಾ ಕೊಡದೆ ಮೇಲೆ 1.8 ಕೆ, ಕೆಳಗೆ 3.3 ಕೆ ಹಾಕ್ರಿ, 5 ಇದ್ದಿದ್ದು 3.24 ಆಗಿ ಬರುತ್ತೆ.

ಆದ್ರೆ ದಯವಿಟ್ಟು ಇದೇ ಧೈರ್ಯದಲ್ಲಿ ಸ್ಟಾರ್ಟರ್ ಬೋರ್ಡಿನ ಫೇಸ್ ಇದೆಯಾ ಇಲ್ವಾ ನೋಡೋಣ ಅಂತ 230 ವೋಲ್ಟಿಗೆ ಎರಡು ರೆಸಿಸ್ಟರ್ ಕಟ್ಟಬೇಡ್ರಿ. ಲೆಕ್ಕದಲ್ಲಿ 3 ವೋಲ್ಟ್ ಬರಬಹುದು. ಆದ್ರೆ 230 ಎಸಿಯ ತುದಿ 325 ವೋಲ್ಟ್, ಸಣ್ಣ ಕಾಲು ವ್ಯಾಟ್ ರೆಸಿಸ್ಟರ್ ಅಷ್ಟು ವೋಲ್ಟೇಜಿಗೆ ಮಾಡಿದ್ದಲ್ಲ, ಅದಕ್ಕಿಂತ ದೊಡ್ಡದು ಅಂದ್ರೆ ಡಿವೈಡರಲ್ಲಿ ಐಸೊಲೇಷನ್ ಇಲ್ಲ, ಅಂದ್ರೆ ಮೇನ್ಸಿಗೂ ಬೋರ್ಡಿಗೂ ಸೀದಾ ಸಂಪರ್ಕ ಇರುತ್ತೆ. ಕೆಳಗಿನ ರೆಸಿಸ್ಟರಿನ ಒಂದು ಕಾಲು ಬಿಟ್ಕೊಂಡ್ರೆ, ಇಲ್ಲಾ ಫೇಸು ನ್ಯೂಟ್ರಲ್ಲು ಅದಲುಬದಲಾದ್ರೆ ನಿಮ್ಮ ಬೋರ್ಡು, ಅದಕ್ಕೆ ಸಿಕ್ಕಿಸಿರೋ ಲ್ಯಾಪ್‌ಟಾಪು, ಒದ್ದೆ ಕಾಲಲ್ಲಿ ನಿಂತಿರೋ ನೀವು, ಎಲ್ಲಾ ಮೇನ್ಸ್ ಮೇಲೆ. ಅದಕ್ಕೆ ಸಣ್ಣ ಟ್ರಾನ್ಸ್‌ಫಾರ್ಮರ್ ಅಥವಾ ಆಪ್ಟೋಕಪ್ಲರ್ ಇರೋ ಮಾಡ್ಯೂಲ್ ಬರುತ್ತೆ, ಅದನ್ನೇ ತಗೊಳ್ರಿ, ಮೇನ್ಸ್ ಕಡೆ ವೈರಿಂಗನ್ನ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸ್ರಿ.

ಕೆಲಸ ಶುರು ಮಾಡೋವಾಗ ಮೊದ್ಲು ಬಕ್ ಮಾಡ್ಯೂಲನ್ನ 5ಕ್ಕೆ ಸೆಟ್ ಮಾಡಿ ಬೋರ್ಡ್ ಓಡಿಸ್ರಿ. ಆಮೇಲೆ 56 ಕೆ, 10 ಕೆ ಕಟ್ಟಿ, ಪಿನ್ನಿಗೆ ಕೊಡೋಕೆ ಮುಂಚೆ ಆ ಮಧ್ಯದ ಜಾಯಿಂಟಲ್ಲಿ ಮೀಟರ್ ಇಟ್ಟು 2ರ ಹತ್ರ ಇದೆಯಾ ನೋಡ್ರಿ, 12 ತೋರಿಸಿದ್ರೆ ಕೆಳಗಿನ ರೆಸಿಸ್ಟರ್ ಗ್ರೌಂಡಿಗೆ ಸರಿಯಾಗಿ ಕೂತಿಲ್ಲ ಅಂತ. ಅದು ಸರಿ ಬಂದ ಮೇಲೆ ಪಿನ್ ಜೋಡಿಸ್ರಿ, ಕೊನೇಲಿ 12 ವೋಲ್ಟ್ ರಿಲೇ. ರಿಲೇ ಆನ್ ಮಾಡಿದಾಗ ಬ್ಯಾಟರಿ ರೀಡಿಂಗ್ ಎಷ್ಟು ಇಳಿಯುತ್ತೆ ಅಂತ ಬರೆದಿಟ್ಕೊಂಡು ನನಗೂ ಕಳಿಸ್ರಿ, ಬ್ಯಾಟರಿ ಒಳಗೂ ಒಂದು ರೆಸಿಸ್ಟೆನ್ಸ್ ಇದೆ, ಅದು ಹಳೇದಾದಂಗೆ ಏರುತ್ತೆ, ನಿಮ್ಮ ಈ ರೀಡಿಂಗಿಂದಲೇ ಅದನ್ನ ಹೆಂಗೆ ಕಂಡುಹಿಡಿಯೋದು ಅಂತ ಆಗ ಹೇಳ್ತೀನಿ.